ಸಹಿ ಹಾಕಿದವರು ಏರಬೇಕು

ದೊಡ್ಡಬಳ್ಳಾಪುರ ಸೇನಾ ಹೊಲಿಗೆ ನೆಲೆ
30 ಫೆಬ್ರವರಿ 2149

ನೂರಿಪ್ಪತ್ತು ವರ್ಷ ಹಿಂದಿರುವ ಓದುಗರಿಗೆ,

ತಾರೀಖು ತಪ್ಪಿಲ್ಲ. ಕ್ಯಾಲೆಂಡರ್ ತಿದ್ದಿದಾಗ ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟರು. ಈ ಕಾಗದದಲ್ಲಿ ನಿಮ್ಮ ಕಿವಿಗೆ ಬಿದ್ದಿರದ ಒಂದೆರಡು ಮಾತುಗಳಿವೆ. ನಿಮ್ಮಲ್ಲಿಲ್ಲದ ವಸ್ತುಗಳಿಗೆ ನಾವು ಇಟ್ಟುಕೊಂಡ ಹೆಸರುಗಳು ಅವು. ತೊಡಕಾದರೆ ಮನ್ನಿಸಿ, ಬಂದಲ್ಲೇ ಅರ್ಥ ಹೇಳುತ್ತೇನೆ.

ನಾನು ಹವಾಲ್ದಾರ್ ಮಂಜರಿ ಗಂಗಪ್ಪ, ಸೇನೆಯ ಹೊಲಿಗೆ ದಳದವಳು. ನಗಬೇಡಿ, ಅಂಥದ್ದೊಂದು ದಳ ನಿಜವಾಗಿಯೂ ಇದೆ. ನನ್ನ ಅಜ್ಜಿಯ ಕಾಲದಲ್ಲಿ ಬಟ್ಟೆ ಹೊಲಿಯುವ ಯಂತ್ರಗಳಿಗೆ ಮನುಷ್ಯರ ಕೈ ಬೇಡವಾಯಿತು. ಒಂದೇ ಬೇಸಿಗೆಯಲ್ಲಿ ಈ ಸೀಮೆಯ ಹನ್ನೊಂದು ಗಾರ್ಮೆಂಟ್ಸ್ ಬಾಗಿಲು ಹಾಕಿದವು. ಅದೇ ವರ್ಷ ಗಡಿಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆಕಾಶದ ಉಪಗ್ರಹಗಳನ್ನು ಎರಡೂ ಕಡೆಯವರು ಕುರುಡು ಮಾಡಿಕೊಂಡರು. ಹಿಮದ ಠಾಣೆಗಳಲ್ಲಿದ್ದ ಸೈನಿಕರ ಕೈಯಲ್ಲಿ ಬಲು ಬುದ್ಧಿವಂತ ಯಂತ್ರಗಳಿದ್ದವು, ಆದರೆ ಅವುಗಳಿಂದ ಪಕ್ಕದ ಬೆಟ್ಟಕ್ಕೂ ಒಂದು ಮಾತು ತಲುಪಿಸಲು ಆಗುತ್ತಿರಲಿಲ್ಲ. ಆಗ ಯಾರೋ ಹಳೆಯ ಉಪಾಯ ತೆಗೆದರು: ದೊಡ್ಡ ಬಟ್ಟೆಯ ಬಲೂನಿಗೆ ರೇಡಿಯೋ ಕಟ್ಟಿ, ಹಗ್ಗ ಬಿಟ್ಟು, ಬೆಟ್ಟಗಳ ಮೇಲೆ ನಿಲ್ಲಿಸುವುದು. ಇದನ್ನು ನಾವು ಮುಗಿಲಚೀಲ ಎನ್ನುತ್ತೇವೆ. ಗಾಳಿಗೆ ಹರಿದರೆ ಹೊಲಿಯಬಹುದು, ಹೊಡೆದು ಕೆಡವಿದರೆ ಇನ್ನೊಂದು ಏರಿಸಬಹುದು. ಸೋರದಂತೆ ಅಂಟು ಬಳಿದ ಅದರ ಬಟ್ಟೆ ಯಂತ್ರದ ಕೆಳಗೆ ಜಾರುತ್ತದೆ, ಹೊಲಿಯಲು ಪಳಗಿದ ಕೈಯೇ ಬೇಕು. ಕೆಲಸ ಕಳೆದುಕೊಂಡಿದ್ದ ಹೆಂಗಸರನ್ನು ಸೇನೆ ಸಮವಸ್ತ್ರ ಕೊಟ್ಟು ಸೇರಿಸಿಕೊಂಡಿತು.

ಈಗ ನಾವು ಮುನ್ನೂರ ಹನ್ನೆರಡು ಜನ. ಬೆಳಿಗ್ಗೆ ಆರಕ್ಕೆ ಕವಾಯತು, ಏಳಕ್ಕೆ ಉಪ್ಪಿಟ್ಟು, ಏಳೂವರೆಗೆ ಕೈ ತಪಾಸಣೆ. ಕೈಯಲ್ಲಿ ಎಣ್ಣೆಯ ಪಸೆ ಇದ್ದರೆ ಅಂಟು ಹಿಡಿಯುವುದಿಲ್ಲವಾದ್ದರಿಂದ ತಲೆಗೆ ಎಣ್ಣೆ ಹಚ್ಚುವುದು ಭಾನುವಾರ ಮಾತ್ರ. ಹೊಲಿದ ಚೀಲಗಳನ್ನು ಅರವತ್ತರ ಕಂತು ಮಾಡಿ, ಪರೀಕ್ಷಕಿಯೊಬ್ಬಳು ಬೆರಳಾಡಿಸಿ ನೋಡಿ, ಒಪ್ಪಿದ ಚೀಲಗಳಿಗೆ ಸಹಿ ಹಾಕುತ್ತಾಳೆ. ಮೊದಲಿನಿಂದ ಒಂದು ಕಟ್ಟುಪಾಡಿದೆ. ವಾರಕ್ಕೊಬ್ಬ ಪರೀಕ್ಷಕಿ ತಾನು ಒಪ್ಪಿದ ಕಂತಿನದೇ ಒಂದು ಚೀಲಕ್ಕೆ ಬುಟ್ಟಿ ಕಟ್ಟಿಸಿಕೊಂಡು ನಾನೂರು ಅಡಿ ಮೇಲೇರಬೇಕು. ಚೀಲವನ್ನು ಚೀಟಿ ಎತ್ತಿ ಆರಿಸುತ್ತಾರೆ. ಯಾರ ಸರದಿ ಯಾವ ವಾರ ಎಂಬುದು ಮಾತ್ರ ತಿಂಗಳ ಮೊದಲೇ ಗೋಡೆಯ ಮೇಲೆ ಬರೆದಿರುತ್ತಿತ್ತು.

ನಾನು ತಪ್ಪಿದ್ದು ಅಲ್ಲೇ. ಮೂರು ವರ್ಷದ ಹಿಂದೆ ನನ್ನ ಸರದಿಯ ವಾರ. ಅದಕ್ಕೆ ಮುಂಚೆ ಏರಿದವಳ ಚೀಲ ಸೋರಿ ಆಕೆಯ ಕಾಲು ಮುರಿದಿತ್ತು. ಪ್ರತಿ ಹೊಲಿಗೆಯಲ್ಲೂ ನನಗೆ ತೂತೇ ಕಾಣತೊಡಗಿತು. ಅರವತ್ತರಲ್ಲಿ ನಲವತ್ತೊಂದನ್ನು ತಿರಸ್ಕರಿಸಿದೆ. ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಸರದಿಯ ವಾರ ಎಲ್ಲರೂ ಅಷ್ಟಿಷ್ಟು ಹೀಗೇ ಮಾಡುತ್ತಿದ್ದರು. ಆ ತಿಂಗಳು ಹದಿನೇಳನೇ ಠಾಣೆಯ ಚೀಲ ಹರಿದಾಗ ಕಳಿಸಲು ಇನ್ನೊಂದು ಇರಲಿಲ್ಲ. ಹನ್ನೊಂದು ದಿನ ಆ ಠಾಣೆಯಿಂದ ಒಂದು ಮಾತೂ ಬರಲಿಲ್ಲ. ಅಲ್ಲಿದ್ದ, ಇಂಡಿ ಊರಿನ ಕಡೆಯ ಸಿಪಾಯಿ ಮಲಕಾಜಿ ಬಿರಾದಾರನ ಕಾಲು ಹಿಮಕ್ಕೆ ಕೊಳೆಯುತ್ತಿತ್ತು. ವೈದ್ಯರನ್ನು ಕರೆಯಲು ದಾರಿಯಿರಲಿಲ್ಲ. ಮೂರು ಬೆರಳು ಹೋದವು.

ಮರುವರ್ಷ ಒಪ್ಪುಗಣ್ಣು ಬಂತು. ಇದು ಹೊಲಿಗೆಯ ಮೇಲೆ ಬೆಳಕು ಹಾಯಿಸಿ ನಾಲ್ಕು ನಿಮಿಷದಲ್ಲಿ ತೀರ್ಪು ಹೇಳುವ ಯಂತ್ರ. ಅದನ್ನು ಒಪ್ಪಿ, ಅರವತ್ತನಾಲ್ಕು ಪರೀಕ್ಷಕಿಯರನ್ನೂ ಮನೆಗೆ ಕಳಿಸಿ, ಏರುವ ಪದ್ಧತಿಯನ್ನು ಕೈಬಿಡಬಹುದೇ ಎಂದು ಮೇಲಿನವರು ಕೇಳಿದರು. ವರದಿ ಬರೆಯುವ ಕೆಲಸವನ್ನು ನಮ್ಮ ಕರ್ನಲ್ ಝರೀನಾ ನನಗೆ ಒಪ್ಪಿಸಿದರು. ನಾನು ತಿರಸ್ಕರಿಸಿದ್ದ ನಲವತ್ತೊಂದು ಚೀಲ ಇನ್ನೂ ಉಗ್ರಾಣದಲ್ಲಿದ್ದವು. ಯಂತ್ರ ಅವುಗಳಲ್ಲಿ ಮೂವತ್ತೊಂಬತ್ತು ಸರಿ ಎಂದಿತು. ಆಮೇಲೆ ಅಷ್ಟಕ್ಕೂ ಗಾಳಿ ತುಂಬಿ ಎರಡು ದಿನ ಬಿಟ್ಟೆವು. ಮೂವತ್ತೆಂಟು ಗಟ್ಟಿ ನಿಂತವು, ಮೂರು ಸೋರಿದವು. ಅಂದರೆ ಯಂತ್ರ ತಪ್ಪಿದ್ದು ಒಂದರಲ್ಲಿ, ನಾನು ಮೂವತ್ತೆಂಟರಲ್ಲಿ.

ಇದನ್ನು ಹಾಗೇ ಬರೆದರೆ ನಮ್ಮ ಅನ್ನ ಹೋಗುತ್ತದೆ, ಬರೆಯದಿದ್ದರೆ ಇನ್ನೊಬ್ಬನ ಕಾಲು. ಪಕ್ಕದ ಮೇಜಿನ ನಾಯಕ್ ಮುನಿರತ್ನಮ್ಮ ಕಾಗದವನ್ನು ಇಣುಕಿ ನೋಡಿದಳು. "ಎಲ್ಲರ ತಟ್ಟೆಗೂ ಮಣ್ಣು ಹಾಕಕ್ಕೆ ನಿನ್ನ ಕೈಯೇ ಬೇಕಿತ್ತೇನೇ ಮಂಜರಿ? ಹತ್ತು ಅಂತ ಬರಿ, ಸಾಕು. ಆ ಚೀಲ ಏನ್ ಬಾಯ್ಬಿಟ್ಟು ಹೇಳ್ತದಾ?"

"ಮೂವತ್ತೆಂಟು ಅಕ್ಕ," ಎಂದೆ.

"ಹಂಗಾದ್ರೆ ನಾಳೆಯಿಂದ ನಿಮ್ಮನೇಲೇ ಊಟ ನನಗೆ. ಮುದ್ದೆ ಎರಡು, ಸಾರು ಜಾಸ್ತಿ."

ಮೂವತ್ತೆಂಟೇ ಬರೆದೆ. ಯಂತ್ರ ತಪ್ಪಿದ ಆ ಒಂದನ್ನೂ ಬರೆದೆ.

ನನ್ನ ವರದಿಯ ಮೇಲೆ ನಡೆದ ವಿಚಾರಣೆಯ ದಿನ ಮಲಕಾಜಿಯನ್ನೂ ಕರೆಸಿದ್ದರು. ಕೋಲೂರಿಕೊಂಡು ಬಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಅವನೇ ಮಾತಾಡಿಸಿದ: "ಅಕ್ಕಾರ, ನಿಮ್ಮ ಹೆದರಿಕಿ ನನಗ ತಿಳೀತದ. ಖರೆ, ನೀವು ಅಲ್ಲಿ ಹೆದರಿದ್ದು ನನ್ನ ಕಾಲಿಗೆ ಬಂತು ನೋಡ್ರಿ." ಆಮೇಲೆ ಒಪ್ಪುಗಣ್ಣಿನ ಕಡೆ ತಿರುಗಿದ. "ಇದಕ್ಕ ಹೆದರಿಕಿನ ಇಲ್ಲಂತ. ನಾಳೆ ಇದು ತಪ್ಪಿದ್ರ ನಾ ಯಾರ ಮುಂದ ಹೋಗಿ ನಿಂದರ್ಲಿ?"

ಕರ್ನಲ್ ಝರೀನಾ, ಯಂತ್ರವನ್ನು ಕೊಳ್ಳಲು ಆರಿಸಿದ್ದ ಅಧಿಕಾರಿಯನ್ನು ಕೇಳಿದರು: "ಇದು ಸರಿ ಅಂದ ಚೀಲದಲ್ಲಿ ನೀವು ಏರ್ತೀರಾ ಸಾರ್?" ಆತ ಪ್ರಾಮಾಣಿಕ ಮನುಷ್ಯ. ಎರಡು ದಿನ ಸಮಯ ಕೇಳಿ, ಮೂರನೇ ದಿನ ಏರಿದರು. ಇಳಿದ ಮೇಲೆ ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡರು. ಬಾಯಿ ತೊಳೆದು ಬಂದು, "ಯಂತ್ರ ಇರಲಿ, ಏರುವವರೂ ಇರಲಿ," ಎಂದರು.

ಈಗಿನ ನಿಯಮ ಅಂದಿನಿಂದ ಬಂದದ್ದು. ಯಂತ್ರ ನೋಡುತ್ತದೆ, ಮನುಷ್ಯರು ಸಹಿ ಹಾಕುತ್ತಾರೆ. ಗೋಡೆಯ ಮೇಲಿನ ಸರದಿಯನ್ನು ಅಳಿಸಿದ್ದಾಯಿತು. ಎಲ್ಲರ ಸಹಿ ಮುಗಿದ ಮೇಲಷ್ಟೇ ಏರುವವರ ಹೆಸರಿನ ಚೀಟಿ ಎತ್ತುತ್ತಾರೆ. ಆ ಡಬ್ಬಿಯಲ್ಲಿ ಕರ್ನಲ್ ಹೆಸರೂ, ಯಂತ್ರಗಳನ್ನು ಕೊಳ್ಳುವ ಅಧಿಕಾರಿಗಳ ಹೆಸರೂ ಇರುತ್ತವೆ. ತಿರಸ್ಕಾರ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಎರಡು ವರ್ಷದಿಂದ ಯಾವ ಠಾಣೆಯೂ ಒಂದು ದಿನಕ್ಕಿಂತ ಹೆಚ್ಚು ಮೌನವಾಗಿಲ್ಲ. ಯಂತ್ರ ನೋಡುವುದರಿಂದ ಅಷ್ಟು ಪರೀಕ್ಷಕಿಯರು ಬೇಡವಾದರು; ಇಪ್ಪತ್ತೆರಡು ಜನ ಇಲ್ಲೇ ಉಳಿದೆವು. ಉಳಿದವರಲ್ಲಿ ಆರು ಜನ ಕೆಲಸ ಬಿಟ್ಟರು, ಮಿಕ್ಕವರು ಹರಿದ ಚೀಲವನ್ನು ಸ್ಥಳದಲ್ಲೇ ಹೊಲಿಯಲು ಠಾಣೆಗಳಿಗೆ ಹೋದರು. ಐವತ್ತೊಂದು ವರ್ಷದ ಮುನಿರತ್ನಮ್ಮ ಹದಿನೇಳನೇ ಠಾಣೆಯನ್ನೇ ಕೇಳಿ ಪಡೆದಳು. ಮೊನ್ನೆ ರೇಡಿಯೋದಲ್ಲಿ ಬೈದಳು: "ಇಲ್ಲಿ ಕಾಫಿ ಲೋಟದಲ್ಲೇ ಗಟ್ಟಿಯಾಯ್ತದೆ ಕಣೇ, ಚಮಚದಲ್ಲಿ ಕೆರ್ಕೊಂಡು ತಿಂತೀವಿ. ಎಲ್ಲ ನಿನ್ನಿಂದ!" ಹಿಂದೆ ಯಾರೋ ಗೊಳ್ಳೆಂದು ನಗುತ್ತಿದ್ದರು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲೂ ಸೇನೆಗಳು ಹೊಸ ಯಂತ್ರಗಳ ಮುಂದೆ ಸಾಲುಗಟ್ಟಿ ನಿಂತಿವೆ ಎಂದು ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ. ಬೇಡ ಎನ್ನಬೇಡಿ, ನಮಗೂ ಅವುಗಳಿಂದ ಒಳ್ಳೆಯದೇ ಆಗಿದೆ. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ. ಇದಕ್ಕೆ ಸಹಿ ಹಾಕಿದವರು ಯಾರು, ಇದು ತಪ್ಪಿದ ದಿನ ಅವರು ಎಲ್ಲಿರುತ್ತಾರೆ? ಇನ್ನು, ಯಂತ್ರ ಬಂದಾಗ ಕೈಬಿಡಬೇಕಾದ ಜನರ ಪಟ್ಟಿ ಮಾಡುವ ಮುನ್ನ ಆ ಕೈಗಳು ಬೇರೆ ಎಲ್ಲಿ ಬೇಕಾಗಿವೆ ಎಂದು ನೋಡಿ.

ಇವತ್ತು ಬೆಳಿಗ್ಗೆ ಅರವತ್ತರಲ್ಲಿ ಐವತ್ತೇಳಕ್ಕೆ ಸಹಿ ಹಾಕಿದೆ. ಆಮೇಲೆ ಎತ್ತಿದ ಚೀಟಿಯಲ್ಲಿ ನನ್ನ ಹೆಸರೇ ಬಂತು. ಹೆದರಿಕೆ ಹೋಗಿಲ್ಲ, ಅಂಗೈ ಬೆವೆತು ಈ ಹಾಳೆಯ ಅಂಚು ಒದ್ದೆಯಾಗಿದೆ. ಆದರೆ ನಾನು ಏರುವ ಒಂದನ್ನು ಬಿಟ್ಟು ಉಳಿದ ಐವತ್ತಾರು ಆಗಲೇ ಲಾರಿಗೆ ಸೇರುವ ಸಾಲಿನಲ್ಲಿವೆ; ಒಂದನ್ನೂ ವಾಪಸು ಕೇಳಿಲ್ಲ. ಮೈದಾನದಿಂದ ಕೂಗುತ್ತಿದ್ದಾರೆ, ಚೀಲಕ್ಕೆ ಅನಿಲ ತುಂಬಿದ್ದಾಯಿತಂತೆ. ಹೋಗಿ ಏರುತ್ತೇನೆ.