ಉತ್ತರ ಬಾಗಿಲಿಗೆ ಇಟ್ಟಿಗೆ ಇಟ್ಟವರಿಗೆ

ದೇವಸ್ಥಾನದ ಮಾನ್ಯ ಆಡಳಿತಾಧಿಕಾರಿಗಳೇ,

ನೀವು ನನ್ನ ಅಕ್ಕನನ್ನು ಗೋಡೆ ಕಟ್ಟಿ ಕೊಂದಿರಿ. ವಿಷಾದ, ದುರದೃಷ್ಟ, ದೈವೇಚ್ಛೆ ಎಂಬ ಪ್ರಕಟಣೆಯ ಪದಗಳನ್ನು ನೀವೇ ಇಟ್ಟುಕೊಳ್ಳಿ.

ನಿಮ್ಮ ಕಚೇರಿಯೇ ಅಚ್ಚು ಹಾಕಿಸಿ ಮಾರುವ ಗುಡಿಯ ಚರಿತ್ರೆಯನ್ನು ಒಮ್ಮೆಯಾದರೂ ಓದಿದ್ದೀರಾ? ನಾನು ಓದಿದ್ದೇನೆ. ಮೊದಲು ಇಲ್ಲಿ ಪೂರ್ವದ ಬಾಗಿಲೊಂದೇ ಇತ್ತು. ಒಂದು ಉತ್ಸವದಲ್ಲಿ ಜನ ತುಳಿತಕ್ಕೆ ಸಿಕ್ಕಿ ಸತ್ತರು. ಆಗ ಆಳುತ್ತಿದ್ದ ರಾಣಿ ಉತ್ತರದ ಗೋಡೆ ಒಡೆಸಿ, ಆನೆ ನುಗ್ಗುವಷ್ಟು ಅಗಲದ ಬಾಗಿಲು ಇಡಿಸಿದಳು. ಶಿಲ್ಪಿಗಳು ಮಂಟಪದ ಚಪ್ಪಡಿಗಳನ್ನು ಕಿತ್ತು, ಉತ್ತರಕ್ಕೆ ತುಸು ಇಳಿಜಾರು ಕೊಟ್ಟು ಮತ್ತೆ ಹಾಸಿದರು. ಕಂಬಗಳ ನಡುವಿನ ದಾರಿಯನ್ನೂ ಅತ್ತಲೇ ಅಗಲಿಸಿದರು. ಪೂರ್ವದಿಂದ ಹೊಕ್ಕವರು ಯಾರೂ ಹೇಳದೆ ಉತ್ತರಕ್ಕೆ ಹರಿದುಹೋಗಲಿ ಎಂದು. ತಲೆಮಾರುಗಳು ಹಾಗೆಯೇ ಹರಿದವು. ಆಮೇಲೆ ನೀವು ಬಂದಿರಿ. ಗಣ್ಯರಿಗೆ ತಂಪು ಕೋಣೆ ಬೇಕೆಂದು ಆ ಬಾಗಿಲಿಗೆ ಇಟ್ಟಿಗೆ ಇಟ್ಟಿರಿ. ಸರಿ, ಬಾಗಿಲು ಮುಚ್ಚಿದಿರಿ. ನೆಲದ ಇಳಿಜಾರನ್ನು ಎಲ್ಲಿ ಬಚ್ಚಿಟ್ಟಿರಿ?

ಉತ್ಸವದ ಬೆಳಿಗ್ಗೆ ಹಿಂದಿನಿಂದ ಜನ ಒತ್ತಿದರು, ಕಾಲಡಿಯ ನೆಲ ಮುಂದಕ್ಕೆಳೆಯಿತು. ಅಕ್ಕನ ಎದೆ ನಿಮ್ಮ ಇಟ್ಟಿಗೆಗೆ ಅಂಟಿತು. ಅವಳ ಕೈ ಹಿಡಿದು ನಾನು ಪಕ್ಕದಲ್ಲೇ ಇದ್ದೆ. ಗೋಡೆಯ ಬದಿಯ ಕಟ್ಟೆ ಮೇಲೆ ನಿಂತ ಕಾವಲಿನವನು ಲಾಠಿ ಬೀಸಿದ.

"ಹಿಂದೆ ಸರೀರಿ! ಒಳಗೆ ದೊಡ್ಡೋರು ಕೂತಿದಾರೆ."

"ಎಲ್ಲಿಗೆ ಸರೀಲಪ್ಪಾ? ನಿಮ್ಮ ತಾತ ಜಾಗ ಬಿಟ್ಟು ಹೋಗಿದಾನಾ?" ಎಂದಳು ಅಕ್ಕ.

ಆ ಇಕ್ಕಟ್ಟಿನಲ್ಲೂ ಸುತ್ತಲಿನವರು ನಕ್ಕರು. ಲಾಠಿ ಅವಳ ಹಣೆ ಸೀಳಿತು.

"ಲೋ, ಕೈ ಬಿಡಬೇಡ ಕಣೋ," ಎಂದಳು ನನಗೆ.

ಬಿಡಲಿಲ್ಲ. ಅವಳು ಕುಸಿದಳು. ಪಕ್ಕೆಲುಬು ಮುರಿದದ್ದು ಕಿವಿಗಲ್ಲ, ಹಿಡಿದ ಕೈಗೆ ಗೊತ್ತಾಯಿತು. ಬಾಯಿಂದ ಕೆಂಪು ನೊರೆ ಉಕ್ಕಿತು. ಸತ್ತ ಮೇಲೂ ಜನರ ಒತ್ತಡ ಅವಳನ್ನು ಗೋಡೆಗೆ ಗುದ್ದುತ್ತಲೇ ಇತ್ತು.

'ಭಕ್ತರು ತಪ್ಪು ದಿಕ್ಕಿಗೆ ನುಗ್ಗಿದ್ದೇ ಕಾರಣ' ಎನ್ನುತ್ತದೆ ನಿಮ್ಮ ವರದಿ. ಕೊಡಲಿ ಬೀಸಿದವನು ಕುತ್ತಿಗೆಯೇ ಅಡ್ಡ ಬಂತು ಎಂದ ಹಾಗಾಯಿತು! ಈಗ ರಕ್ತದ ಮೇಲೆ ಸುಣ್ಣ ಬಳಿಸಿ, ಮುಂದಿನ ಉತ್ಸವಕ್ಕೆ ಅದೇ ಕೋಣೆಗೆ ಹೊಸ ಸೋಫಾ ತರಿಸಿದ್ದೀರಂತೆ. ಈ ಸಲ ಯಾರ ಅಕ್ಕನ ಸರದಿ, ಸ್ವಾಮಿ?

ನಿಮ್ಮ ಪರಿಹಾರ ನನಗೆ ಬೇಡ. ಆ ಗೋಡೆ ಬೀಳಬೇಕು, ಮೊದಲ ಏಟು ನೀವೇ ಹಾಕಬೇಕು. ಸುತ್ತಿಗೆ ನಾವು ತರುತ್ತೇವೆ. ನೀವು ಬಾರದಿದ್ದರೂ ಕೆಲಸ ನಿಲ್ಲದು. ಆಗ ಯಾರನ್ನೂ ಆ ಸೋಫಾದ ಮೇಲೆ ಕೂರಿಸಬೇಡಿ. ಬರುವ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಉತ್ತರ ಬಾಗಿಲಲ್ಲಿ.

ಇಂತಿ,
ನಿಮ್ಮ ವಿಧೇಯನಾಗಲಾರದ,
ಅಕ್ಕನಿಲ್ಲದವನು