ಪಾನಪಾತ್ರೆಯ ಪಾದ

ಬೆಳ್ಳಿ ಕೆಲಸದ ಅಂಗಡಿಯ ಹಿಂದಿನ ಕೋಣೆಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಎದೆಯ ಕೆಮ್ಮು ಹೋಯಿತೋ, ಇನ್ನೂ ನಾಯಿ ಬೊಗಳಿದ ಹಾಗೆ ಕೆಮ್ಮುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಚೆನ್ನಾಗಿದ್ದೇನೆ ಎಂದು ಮಾತ್ರ ಹೇಳಬೇಡ. ಗೋಡೆ ಹತ್ತಿ ಬಿದ್ದು ಕೈ ಮುರಿದುಕೊಂಡ ದಿನವೂ ನೀನು ಅದನ್ನೇ ಹೇಳಿದ್ದೆ, ಮೂಳೆ ಚರ್ಮದಿಂದ ಹೊರಗೆ ಇಣುಕುತ್ತಿತ್ತು. ಹೊಸ ಊರಿನ ವಿಳಾಸ ಬರೆದು ಕಂಬಳಿ ಕಳಿಸು ಎಂದಿದ್ದೆಯಲ್ಲ, ಆ ಚೀಟಿ ಬಂದು ಸೇರಿತು. ಇಲ್ಲಿ ನಾನು ಇದ್ದೇನೆ. ಅರಗಳನ್ನು ಇಡುವ ಖಾನೆಯಲ್ಲಿ ಬೆಕ್ಕು ಮರಿ ಹಾಕಿದೆ, ಒಂದು ಅರ ಬೇಕೆಂದರೂ ಅದರ ಅಪ್ಪಣೆ ಕೇಳಬೇಕು. ನನ್ನ ಬಲಗೈ ಮಣಿಕಟ್ಟು ಊದಿಕೊಂಡಿದೆ. ಕೆಲಸ ಮಾಡಿ ಊದಿದ್ದಲ್ಲ, ಒಬ್ಬನನ್ನು ಸುತ್ತಿಗೆಯಿಂದ ಹೊಡೆದು ಊದಿದ್ದು. ಅದನ್ನು ಮುಂದೆ ಹೇಳುತ್ತೇನೆ.

ನೀನು ಊರು ಬಿಟ್ಟ ದಿನವೇ, ಬೆಳಗಿನ ಪೂಜೆಗೆ ಮುಂಚೆ, ಚರ್ಚಿಗೆ ಕಳ್ಳ ನುಗ್ಗಿದ. ಗಂಟೆ ಅಜ್ಜ ಎಂದಿನಂತೆ ಗಂಟೆ ಹೊಡೆದು, ಮೇಣದಬತ್ತಿಗಳನ್ನು ಹಚ್ಚಿ, ಪೀಠದ ಹಿಂದಿನ ಕೋಣೆಯಲ್ಲಿ ಪಾತ್ರೆಗಳನ್ನು ತೆಗೆದಿಡುತ್ತಿದ್ದರಂತೆ. ಆ ಬೆಳ್ಳಿ ಸಾಮಾನನ್ನು ಅವರು ಹೆಂಡತಿಯ ಒಡವೆಯ ಹಾಗೆ ಕಾದವರು, ನಾವೇ ತಮಾಷೆ ಮಾಡುತ್ತಿದ್ದೆವು. ಅವರೇ ದಿನವೂ ಉಜ್ಜುತ್ತಿದ್ದ ಹಿತ್ತಾಳೆಯ ದೀಪಕಂಬ ಅವರ ತಲೆಯ ಮೇಲೆ ಬಿದ್ದಿದೆ. ಒಂದು ಸಲವಲ್ಲ. ಮೊದಲ ಏಟಿಗೇ ಕುಸಿದ ಮುದುಕನಿಗೆ ಬಿದ್ದಲ್ಲೇ ಮತ್ತೆ ಮತ್ತೆ. ಕೂಗು ಕೇಳಿ ಓಡಿದವರಲ್ಲಿ ನಾನೂ ಒಬ್ಬಳು. ಎಡಗಿವಿ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿತ್ತು. ಒಂದು ಕಣ್ಣಿನ ಗುಂಡಿಯಲ್ಲಿ ರಕ್ತ ಬಿಟ್ಟರೆ ಬೇರೇನೂ ಕಾಣಲಿಲ್ಲ. ರಕ್ತ ಮೆಟ್ಟಿಲವರೆಗೂ ಹರಿದು, ಪೀಠದ ಬಿಳಿ ಬಟ್ಟೆಯ ಅಂಚು ಅದನ್ನು ಹೀರಿಕೊಂಡು ಕೆಂಪಗಾಗಿತ್ತು. ಪರಮಪ್ರಸಾದದ ರೊಟ್ಟಿಯನ್ನು ದುಂಡಗೆ ಕತ್ತರಿಸಿ ಉಳಿದ ಚೂರುಗಳನ್ನು ಜೇಬಿನಲ್ಲಿ ತಂದು ಯಾವ ಕೈ ನಿನ್ನ ಬಾಯಿಗೆ ಹಾಕುತ್ತಿತ್ತೋ, ಆ ಕೈ ನೆಲದ ಮೇಲೆ ಬೆರಳು ಬಿಡಿಸಿಕೊಂಡು ಬಿದ್ದಿತ್ತು.

ಕೋಪ ಬಂದ ಜನಕ್ಕೆ ಹೊಡೆಯಲು ಯಾರಾದರೊಬ್ಬ ಬೇಕು. ಗುಜರಿಯವನು ಸಿಕ್ಕಿದ. ಅದೇ, ನಮ್ಮ ಬಾಗಿಲಲ್ಲಿ ತಳ್ಳುಗಾಡಿ ನಿಲ್ಲಿಸಿ, "ಅಕ್ಕಾ, ಹಳೇದು ಏನಾದ್ರೂ ಇದ್ಯಾ? ನಿಮ್ಮ ತಮ್ಮನ್ನೇ ಕೊಟ್ರೂ ತಗೋತೀನಿ, ತೂಕ ಚೆನ್ನಾಗಿದೆ" ಎಂದು ರೇಗಿಸುತ್ತಿದ್ದವನು. ಅವನ ಗಾಡಿಯಲ್ಲಿ ಚರ್ಚಿನ ತೂತು ಬಿದ್ದ ಹಿತ್ತಾಳೆ ತಟ್ಟೆ ಇತ್ತು. ಅದಕ್ಕೆ ಇನ್ನು ಬೆಸುಗೆ ನಿಲ್ಲುವುದಿಲ್ಲ, ಗುಜರಿಗೆ ಹಾಕಿ ಎಂದು ಅಜ್ಜನಿಗೆ ಹೇಳಿದವಳು ನಾನೇ. "ಅಜ್ಜನೇ ಕೊಟ್ಟಿದ್ದು ಸ್ವಾಮೀ, ಅಜ್ಜನ್ನೇ ಕೇಳಿ" ಎಂದು ಅವನು ಕಿರುಚುತ್ತಿದ್ದ. ಕೇಳೋಣವೆಂದರೆ ಅಜ್ಜನಿಗೆ ಎಚ್ಚರವಿಲ್ಲ. ಅವನನ್ನು ಕೂದಲು ಹಿಡಿದು ಬೀದಿಗೆ ಎಳೆದರು. ಸೈಕಲ್ ಚೈನು, ಸೌದೆ, ಬೆಲ್ಟು, ಯಾರ ಕೈಗೆ ಏನು ಸಿಕ್ಕಿತೋ ಅದು. ಎದುರಿನ ಬೇಕರಿಯವನು, ಒಂದು ಇರುವೆ ಸತ್ತರೂ ಅಯ್ಯೋ ಎನ್ನುವ ಸಾಧು ಪ್ರಾಣಿ, ಅವನ ಎರಡೂ ಕೈಗಳನ್ನು ಚರಂಡಿಯ ಕಲ್ಲಿನ ಮೇಲೆ ಇಡಿಸಿ ಬೂಟುಗಾಲಿನಿಂದ ತುಳಿಯುತ್ತಿದ್ದ. ಬೆರಳು ಮುರಿಯುವ ಸದ್ದು ಅಷ್ಟು ಗದ್ದಲದಲ್ಲೂ ಕೇಳಿತು. ನನಗೆ ತಲೆ ಕೆಟ್ಟುಹೋಯಿತು. ಅಂಗಡಿಯಿಂದ ಅಪ್ಪನ ದೊಡ್ಡ ಸುತ್ತಿಗೆ ತಂದು ಬೇಕರಿಯವನ ಮಂಡಿಗೆ ಬಾರಿಸಿದೆ. ಇನ್ನೊಬ್ಬನ ಹೆಗಲಿಗೂ ಕೊಟ್ಟೆ. ಗುಜರಿಯವನ ಮೇಲೆ ಅಡ್ಡ ಬಿದ್ದು ನಾನೂ ನಾಲ್ಕು ತಿಂದೆ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು.

ಅಜ್ಜ ಮಾರನೆಯ ದಿನ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಕಣ್ಣು ಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಯಾರು ಹೊಡೆದದ್ದು ಎಂದು ಇನ್‌ಸ್ಪೆಕ್ಟರ್ ಕೇಳಿದರು. "ಕತ್ತಲಿತ್ತಪ್ಪಾ, ಮುಖ ಕಾಣ್ಲಿಲ್ಲ" ಎಂದರು. ಗುಜರಿಯವನಿಗೆ ಏನಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವರು ಮಾತಾಡಲಿಲ್ಲ. ಗುರುವಾರ ಹೋಗಿಬಿಟ್ಟರು, ಪುಟ್ಟಾ. ಈಗ ಗುಜರಿಯವನ ಮೇಲೆ ಕೊಲೆ ಕೇಸು. ಬೆರಳು ಮುರಿದ ಕೈಗಳಿಗೆ ಬ್ಯಾಂಡೇಜು, ಕಾಲಿಗೆ ಕೋಳ ಹಾಕಿ ಮಂಚಕ್ಕೆ ಬಿಗಿದಿದ್ದಾರೆ. ತಟ್ಟೆಯ ವಿಷಯ ಪೊಲೀಸರಿಗೆ ಹೇಳಿದೆ, ತಟ್ಟೆ ಸರಿ, ಕಳುವಾದ ಬೆಳ್ಳಿ ಬಟ್ಟಲು ಎಲ್ಲಿ ಎಂದು ಅವನನ್ನೇ ಮತ್ತೆ ಹೊಡೆದರು. ಅವನ ಹೆಂಡತಿ ವಾರ್ಡಿನ ಹೊರಗೆ ಕೂತಿದ್ದಾಳೆ, ಯಾರಾದರೂ ಹತ್ತಿರ ಬಂದರೆ ತಾನೇ ಕೈ ಎತ್ತಿ ಮುಖ ಮುಚ್ಚಿಕೊಳ್ಳುತ್ತಾಳೆ.

ಮೊನ್ನೆ ಫಾದರ್ ಒಂದು ಬಟ್ಟೆಗಂಟು ತಂದು ನನ್ನ ಮಣೆಯ ಮೇಲಿಟ್ಟರು. ಕಳುವಾಗಿದ್ದು ಪೂಜೆಯಲ್ಲಿ ದ್ರಾಕ್ಷಾರಸ ಇಡುವ ದೊಡ್ಡ ಪಾನಪಾತ್ರೆ. ಅದೂ ಪೂರ್ತಿ ಅಲ್ಲ. ಒಳಗೆ ಚಿನ್ನದ ಲೇಪವಿರುವ ಮೇಲಿನ ಬೆಳ್ಳಿ ಬಟ್ಟಲು ಮಾತ್ರ ಹೋಗಿದೆ, ಪಾದ ಕಪಾಟಿನಲ್ಲೇ ಉಳಿದಿತ್ತು. "ಕಳ್ಳನಿಗೆ ಅವಸರ ಆಗಿರ್ಬೇಕಮ್ಮಾ. ಇದಕ್ಕೆ ಹೊಸ ಬಟ್ಟಲು ಕೂರಿಸೋಕೆ ಆಗತ್ತಾ ನೋಡಿ" ಎಂದು ಹೇಳಿ ಹೋದರು. ನಾನು ಗಂಟು ಬಿಚ್ಚಿದೆ. ತಳದ ನಟ್ಟು, ಪಾದ, ನಡುವಿನ ಗುಂಡು, ಮೂರನ್ನೂ ಅದೇ ಕ್ರಮದಲ್ಲಿ ಒಂದು ದಾರಕ್ಕೆ ಪೋಣಿಸಿ, ತುದಿಗಳನ್ನು ಸೇರಿಸಿ ಕಟ್ಟಿತ್ತು. ದಾರ ಪೀಠದ ಬಟ್ಟೆಯಿಂದ ಕಿತ್ತದ್ದು.

ಆ ಪಾದ ಬೆಳ್ಳಿಯದಲ್ಲ, ಹಿತ್ತಾಳೆಗೆ ಬೆಳ್ಳಿ ಲೇಪ ಹಾಕಿದ್ದು, ಹಳೆಯದು ಸವೆದಾಗ ಅಪ್ಪ ಮಾಡಿಕೊಟ್ಟದ್ದು. ಅದು ಗೊತ್ತಿರುವುದು ಈ ಮನೆಗೆ ಮಾತ್ರ. ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲಿ ದಾರಕ್ಕೆ ಪೋಣಿಸಿಡುವುದೂ ಈ ಮನೆಯ ಕೈಗೇ ಗೊತ್ತು. "ಬಿಚ್ಚಿದ್ದನ್ನ ಪೋಣ್ಸಿಡೋ ಕತ್ತೆ" ಎಂದು ಅಪ್ಪ ಒಂದು ನಟ್ಟು ಕಳೆದದ್ದಕ್ಕೆ ನಿನ್ನ ತುಟಿ ಒಡೆಯುವ ಹಾಗೆ ಹೊಡೆದಿರಲಿಲ್ಲವೇ? ಅಜ್ಜನ ತಲೆ ಒಡೆದು, ಅವರು ನಿನ್ನ ಕಾಲ ಬುಡದಲ್ಲೇ ಗೊರಗೊರ ಅನ್ನುತ್ತಿರುವಾಗ, ನೀನು ನಿಂತುಕೊಂಡು ನಟ್ಟು ಕಳೆದುಹೋಗದ ಹಾಗೆ ಜೋಪಾನವಾಗಿ ಕಟ್ಟಿ ಇಟ್ಟಿದ್ದೀಯ. ಅಷ್ಟು ಮೇಣದಬತ್ತಿ ಉರಿಯುತ್ತಿದ್ದರೂ ಅಜ್ಜ ಕತ್ತಲಿತ್ತು ಎಂದದ್ದು ಯಾಕೆಂದು ಆಗ ಗೊತ್ತಾಯಿತು.

ಯಾಕೆ ಮಾಡಿದೆ ಎಂದು ಕೇಳುವುದಿಲ್ಲ. ನೀನು ಏನೇ ಕಾರಣ ಹೇಳಿದರೂ ನಿನ್ನ ಹಲ್ಲು ಉದುರಿಸದೆ ನನ್ನಿಂದ ಕೇಳಲಾಗದು. ಎದುರಿಗಿದ್ದಿದ್ದರೆ ನಿನ್ನ ಜುಟ್ಟು ಹಿಡಿದು ಬೆಳ್ಳಿ ಬಡಿಯುವ ಅಡಿಗಲ್ಲಿಗೆ ಜಜ್ಜಿಬಿಡುತ್ತಿದ್ದೆ, ದೇವರಾಣೆ. ಆ ಬಟ್ಟಲನ್ನು ಈಗಾಗಲೇ ಬಡಿದು ತಗಡು ಮಾಡಿರುತ್ತೀಯ, ಆ ಬಡಿತ ಇಲ್ಲಿಗೂ ಕೇಳುತ್ತದೆ ನನಗೆ. ಇಷ್ಟೆಲ್ಲ ಬಯ್ಯುತ್ತಲೇ ನಿನ್ನ ಕಂಬಳಿಯಲ್ಲಿ ಇಲಿ ಕಡಿದಿದ್ದ ಕಡೆ ಹೊಲಿಗೆ ಹಾಕಿದೆ. ನಿನಗೆ ಚಳಿ ಎಂದರೆ ಈಗಲೂ ಸೂಜಿ ಹಿಡಿಯುತ್ತದೆ ಈ ಹಾಳಾದ ಕೈ. ಅಮ್ಮ ಹೋದಾಗ ನಿನಗೆ ಹಲ್ಲು ಬಂದಿರಲಿಲ್ಲ, ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡೇ ನಾನು ಬೆಳ್ಳಿ ಕಾಸುವುದನ್ನು ಕಲಿತೆ. ಆದರೆ ಗುಜರಿಯವನಿಗೂ ಒಬ್ಬ ಅಕ್ಕ ಇರಬಹುದು. ಅವನು ನಿನ್ನ ಬದಲು ಸಾಯಲು ನಾನು ಬಿಡುವುದಿಲ್ಲ.

ಅಜ್ಜ ಇದ್ದಿದ್ದರೆ ನಿನಗೆ ಆಶೀರ್ವಾದ ಬರೆ ಎನ್ನುತ್ತಿದ್ದರು, ಅವರ ಬುದ್ಧಿಯೇ ಅಷ್ಟು. ಅವರ ಪಾಲಿನದನ್ನೂ ನಾನೇ ಬರೆಯುತ್ತಿದ್ದೇನೆ: ದೇವರು ನಿನ್ನ ಕೈ ಬಿಡದಿರಲಿ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ವಿ.ಸೂ.: ಈ ಪತ್ರವನ್ನೂ ಕಂಬಳಿಯನ್ನೂ ತಂದುಕೊಟ್ಟ ಇಬ್ಬರೂ ಪೊಲೀಸಿನವರು. ಹಿಂಬಾಗಿಲ ಕಡೆ ನೋಡಬೇಡ, ಅಲ್ಲೂ ಒಬ್ಬ ನಿಂತಿದ್ದಾನೆ. ದಾರ ತೋರಿಸಿದವಳೂ ನಾನೇ, ವಿಳಾಸ ಕೊಟ್ಟವಳೂ ನಾನೇ. ಕೊಡುವ ಮುಂಚೆ ಅವರಿಂದ ಒಂದೇ ಒಂದು ಮಾತು ತೆಗೆದುಕೊಂಡೆ: ಅವನು ಪತ್ರ ಓದಿ ಮುಗಿಸುವವರೆಗೆ ಮೈ ಮುಟ್ಟಬಾರದು. "ಓದೋವರೆಗೆ ಮಾತ್ರ ಕಣಮ್ಮಾ. ಓಡಿದ್ರೆ ಗುಂಡು ಹಾರಿಸ್ತಾರೆ" ಎಂದರು ಇನ್‌ಸ್ಪೆಕ್ಟರ್. ಅದಕ್ಕೇ ಇಷ್ಟುದ್ದ ಬರೆದೆ. ಓಡಬೇಡ. ಎರಡೂ ಕೈ ಅವರಿಗೆ ಕಾಣುತ್ತಿರಲಿ. ಇನ್ನು ಬರೆಯಲು ನನ್ನ ಹತ್ತಿರ ಏನೂ ಉಳಿದಿಲ್ಲ. ನಿಧಾನವಾಗಿ ಓದು, ಪುಟ್ಟಾ.