ಕಾಫಿ ಮರದ ಕೋಲು

ಮಲ್ಲಂದೂರು
ಆಗಸ್ಟ್ 2006

ಪ್ರೀತಿಯ ಗಿರಿಜಕ್ಕನಿಗೆ, ತಂಗಿ ಸೌಮ್ಯಳ ನಮಸ್ಕಾರ.

ನೀನು ಕಳಸದಿಂದ ಕಳಿಸಿದ ಕೋಲು ತಲುಪಿತು. ನಿಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪನವರು ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಅಜ್ಜಿ ಹಿಡಿದದ್ದು, ಅಮ್ಮ ಹಿಡಿದದ್ದು, ಆಮೇಲೆ ನೀನು ಹಿಡಿದದ್ದು. ನಿನಗೀಗ ನಾಲ್ಕು ಕಾಲಿನ ವಾಕರ್ ಬಂದಿದೆಯಂತೆ. ಅದಕ್ಕೇ ಕೋಲು ನನ್ನ ಮಗಳ ಪಾಲಿಗೆ ಬಂತು. ದಿವ್ಯಾಗೆ ಇನ್ನೂ ಹದಿನಾರು ವರ್ಷ, ಅಕ್ಕ!

ಅವಳು ಜಾರಿದ್ದು ಪಾಚಿ ಕಟ್ಟಿದ ಕಾಫಿ ಕಣದಲ್ಲಿ. ಚಿಕ್ಕಮಗಳೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಗೆ ಏನೂ ಆಗಿಲ್ಲ, ಓಡಾಡಿಕೊಂಡಿರಲಿ ಎಂದರು. ಓಡಾಡಿಕೊಂಡೂ ಇದ್ದಳು. ಅಷ್ಟರಲ್ಲಿ ನೀನು ನೋಡಲು ಬಂದೆ. ಅವಳ ಬೆನ್ನು ಸವರಿ, "ಶುರುವಾಯ್ತು ನೋಡು ಮಾರಾಯ್ತಿ. ನಮ್ಮ ಮನೆ ಹೆಣ್ಮಕ್ಕಳಿಗೆ ಸೊಂಟ ಹೋದ್ರೆ ಹೋದ ಹಾಗೇ" ಎಂದೆ. ಪ್ರೀತಿಯಿಂದಲೇ ಅಂದೆ, ಬಲ್ಲೆ. ಅಜ್ಜಿಯೂ ನಿನ್ನ ಬೆನ್ನು ಸವರಿ ಇದನ್ನೇ ಅಂದಿದ್ದರು. ಮಾರನೆಯ ಬೆಳಿಗ್ಗೆ ದಿವ್ಯಾ ಹಾಸಿಗೆಯಿಂದ ಏಳಲಿಲ್ಲ.

ಮತ್ತೆ ಡಾಕ್ಟರ ಹತ್ತಿರ ಓಡಿದೆ. "ನೋವು ಸುಳ್ಳಲ್ಲಮ್ಮ. ಪೆಟ್ಟು ವಾಸಿಯಾದ್ರೂ ಮಿದುಳು ಕಾವಲು ಬಿಟ್ಟಿಲ್ಲ. ಇನ್ನೂ ಅಪಾಯ ಇದೆ ಅಂತ ನಂಬಿದಷ್ಟು ದಿನವೂ ನೋಯಿಸ್ತಾನೇ ಇರುತ್ತೆ. ಹೆದರಿಸಬೇಡಿ, ಮೆಲ್ಲಗೆ ನಡೆಸಿ" ಎಂದರು. ಆಗ ನನಗೆ ನೆನಪಾದದ್ದು ನೀನು.

ದಿವ್ಯಾ ಕೂಸಾಗಿದ್ದಾಗ, ಕೊಯ್ಲಿನ ಹೊತ್ತಿನಲ್ಲಿ, ಕಾಟಿಯೊಂದು, ಅಷ್ಟು ದೊಡ್ಡ ಕಾಡುಕೋಣ, ನಮ್ಮ ಅಂಗಳಕ್ಕೇ ನುಗ್ಗಿತ್ತಲ್ಲ? ಕೂಸು ಚಾಪೆಯ ಮೇಲಿತ್ತು. ಹೆತ್ತವಳು ನಾನು ಕಲ್ಲಾಗಿ ನಿಂತಿದ್ದೆ. ಕೋಲಿಲ್ಲದೆ ಹೆಜ್ಜೆ ಇಡದ ನೀನು ಕೋಲು ಬಿಸಾಡಿ ಓಡಿದೆ, ಕೂಸನ್ನು ಬಾಚಿಕೊಂಡು ಜಗಲಿಯ ಅಷ್ಟೂ ಮೆಟ್ಟಿಲು ಹತ್ತಿದೆ. ಬಾಗಿಲು ಹಾಕಿದ ಮೇಲೆ ಯಾರೋ "ಅಯ್ಯೋ, ನಿಮ್ಮ ಸೊಂಟ!" ಎಂದರು. ಅದನ್ನು ಕೇಳಿದ ಮೇಲೆ ನೀನು ಕುಸಿದೆ, ತಿಂಗಳು ಮಲಗಿದೆ. ನಿನ್ನದು ನಾಟಕ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಪಕ್ಕದಲ್ಲಿ ಮಲಗಿ ನಿನ್ನ ನರಳಾಟ ಕೇಳಿದವಳು ನಾನು. ಆದರೆ ಆ ಮೆಟ್ಟಿಲು ಹತ್ತುವಾಗ ನೋವು ಎಲ್ಲಿತ್ತು, ಅಕ್ಕ?

ನನಗೆ ಭಯವಾಗುತ್ತಿದೆ. ಕೋಲು ಬಂದಂದಿನಿಂದ ದಿವ್ಯಾ ನಿನ್ನ ಹಾಗೇ ಎಡಗೈ ಸೊಂಟಕ್ಕೆ ಕೊಟ್ಟು ನಡೆಯುತ್ತಾಳೆ. ಕೂರುವ ಮೊದಲು ನಿನ್ನ ಹಾಗೇ "ಶಿವಾ" ಎನ್ನುತ್ತಾಳೆ. ಮೊನ್ನೆ ಕೋಲು ಉದ್ದವಾಯಿತೆಂದು ತೋಟದ ಕೆಂಚಯ್ಯನ ಕೈಲಿ ತನ್ನ ಅಳತೆಗೆ ಕೊಯ್ಯಿಸಿಕೊಂಡಳು. ಸಹಿಸಲಾರದೆ ಇವತ್ತು ಅದನ್ನು ಬಚ್ಚಲ ಒಲೆಗೆ ಹಾಕಿಬಿಟ್ಟೆ. ಅವಳು ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು, "ಇನ್ನು ನಾನು ಹೆಂಗಮ್ಮ ನಡೀಲಿ?" ಎಂದಳು. ಅಲ್ಲಿಯವರೆಗೆ ಕೋಲಿಲ್ಲದೆಯೇ ನಡೆದು ಬಂದಿದ್ದಳು. ನಾನು ಖುಷಿಯಿಂದ ಅದನ್ನೇ ಹೇಳಿದೆ. ಕೇಳಿದ್ದೇ ತಡ, ಗೋಡೆ ಹಿಡಿದುಕೊಂಡಳು.

ನನ್ನ ಮಾತನ್ನು ಅವಳು ನಂಬುವುದಿಲ್ಲ. ನಿನ್ನನ್ನು ನಂಬುತ್ತಾಳೆ. ಜೀಪು ಕಳಿಸುತ್ತೇನೆ, ಬಾ. ವಾಕರ್ ಬಿಟ್ಟು, ನನ್ನ ಭುಜ ಹಿಡಿದಾದರೂ ಸರಿ, ಅವಳೆದುರು ನಾಲ್ಕು ಹೆಜ್ಜೆ ನಡೆ. ಒಮ್ಮೆ ಅವಳನ್ನು ಉಳಿಸಿಕೊಟ್ಟವಳು ನೀನೇ ಅಲ್ಲವೇ? ಅದು ಆಗದೆಂದು ನಿನಗನ್ನಿಸಿದರೆ, ನನ್ನ ತಾಯಿ, ದಯವಿಟ್ಟು ಬರಬೇಡ.

ಬೇಗ ಮನಸ್ಸು ಮಾಡು. ಇದನ್ನು ಬರೆಯುತ್ತಿರುವಾಗಲೇ ಹಿತ್ತಲಿನಿಂದ ಅವಳ ದನಿ ಕೇಳುತ್ತಿದೆ: "ಕೆಂಚಯ್ಯ, ಇನ್ನೊಂದು ಕೋಲು ಕಡ್ದು ಕೊಡು ಮಾರಾಯ. ಈ ಸಲ ಗಟ್ಟಿ ಇರ್ಲಿ, ಕೊನೇತನಕ ಬೇಕಲ್ಲ."

ನಿನಗೂ ಅವಳಿಗೂ ಶಿವ ಧೈರ್ಯ ಕೊಡಲಿ.

ಜೀಪಿನ ಸದ್ದಿಗೆ ಕಿವಿಗೊಟ್ಟು ಕೂತಿರುವ
ನಿನ್ನ ಸೌಮ್ಯ